ಐವತ್ತು ಕೆಬಿಯ ಮುಖ

"ಅಣ್ಣಾ, ಈ ಫೋಟೋ ಐವತ್ತು ಕೆಬಿ ಒಳಗ ಮಾಡಿಕೊಡು."

ಹೋದ ದೀಪಾವಳಿಗೆ ಊರಿಗೆ ಹೋದಾಗ, ಬೆನ್ನಿನ ಚೀಲ ಇಳಿಸೋಕೂ ಬಿಡದೆ ಕಾಕಾನ ಮಗಳು ಆಡಿದ ಮೊದಲ ಮಾತು ಇದು. ನಮ್ಮೂರು ಕುಂದಗೋಳ ತಾಲೂಕಿನಲ್ಲಿದೆ. ಅವಳು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಾಳೆ. ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯ ಎಷ್ಟೋ ಹುಡುಗ ಹುಡುಗಿಯರ ಬದುಕು ಇವತ್ತು ಆ ನಾಲ್ಕು ಓಣಿಗಳ ಕೋಚಿಂಗ್ ಸೆಂಟರು, ಲೈಬ್ರರಿ, ಖಾನಾವಳಿಗಳ ನಡುವೆಯೇ ಸುತ್ತುತ್ತಿರುತ್ತದೆ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್ ಅರ್ಜಿಗೆ ಫೋಟೋ 20ರಿಂದ 50 ಕೆಬಿ ಇರಬೇಕು. ಸಹಿ 10ರಿಂದ 20 ಕೆಬಿ. ಎಡಗೈ ಹೆಬ್ಬೆರಳಿನ ಗುರುತು 20ರಿಂದ 50. ಸ್ವಂತ ಕೈಬರಹದ ಘೋಷಣೆ 50ರಿಂದ 100. ಅವಳ ಮೊಬೈಲಿನಲ್ಲಿ ತೆಗೆದ ಒಂದು ಫೋಟೋವೇ ನಾಲ್ಕು ಎಂಬಿ!

"ಬಸ್ ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿ ಐತೆಲ್ಲ. ಎರಡು ನಿಮಿಷದಾಗ ಮಾಡಿಕೊಡ್ತಾರ" ಅಂದೆ.

"ನಾ ಅಂಗಡಿಗೆ ಹೋಗಂಗಿಲ್ಲ."

ಯಾಕೆ ಅಂತ ಕೇಳಿದ್ದಕ್ಕೆ ಮೊದಲು ಮಾತಾಡಲಿಲ್ಲ. ರಾತ್ರಿ ಊಟ ಆದಮೇಲೆ ಕಟ್ಟೆಯ ಮೇಲೆ ಕೂತಾಗ ಹೇಳಿದಳು. ಹಿಂದಿನ ವರ್ಷ ಯಾವುದೋ ಅರ್ಜಿಗೆ ಅಂತ ಒಂದು ಅಂಗಡಿಗೆ ಹೋಗಿದ್ದಳು. ಯಾವ ಅಂಗಡಿ, ಯಾವ ಊರಿಂದು ಅನ್ನೋದು ಇಲ್ಲಿ ಬೇಡ. ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದಾಳೆ, ಕಂಪ್ಯೂಟರಿನಲ್ಲಿ ಇಳಿಸಿಕೊಂಡಿದ್ದಾರೆ, ಕತ್ತರಿಸಿ ಅಪ್‌ಲೋಡ್ ಮಾಡಿದ್ದಾರೆ, ಕೆಲಸ ಮುಗಿದಿದೆ. ವಾರ ಕಳೆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಅವಳದೇ ಪಾಸ್‌ಪೋರ್ಟ್ ಫೋಟೋ ವಾಪಸ್ ಬಂದಿದೆ. ಕೆಳಗೆ ಒಂದೇ ಸಾಲು: ಭಾಳ ಚೆಂದ ಬಂದೈತಿ.

ಅವಳು ಆ ನಂಬರ್ ಬ್ಲಾಕ್ ಮಾಡಿದಳು. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮೊದಲು ಕಸಿಯುತ್ತಿದ್ದದ್ದು ಅವಳ ಮೊಬೈಲನ್ನು, ಆಮೇಲೆ ಸಪ್ತಾಪುರದ ರೂಮನ್ನು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಬೆಂಗಳೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ನನ್ನನ್ನು ಕಾಡಿದ್ದು ಒಂದು ಹಳೆಯ ಪ್ರಶ್ನೆ. ನಮ್ಮ ಕಡೆ ಫೋಟೋ ಅನ್ನೋದು ಬಂದಾಗಿನಿಂದ, ಅದನ್ನು ಕತ್ತರಿಸುವ ಕೈ ಯಾರದಾಗಿತ್ತು? ಕತ್ತರಿಸಿ ಉಳಿದದ್ದು, ಅಂದರೆ ಪೂರ್ತಿ ಚಿತ್ರ, ಯಾರ ಹತ್ತಿರ ಇರುತ್ತಿತ್ತು?

ಶುರುವಿನಿಂದ ನೋಡೋಣ. ಧಾರವಾಡ ಸೀಮೆಗೆ ಕ್ಯಾಮೆರಾ ಬಂದದ್ದು ಮನುಷ್ಯರ ಮುಖಕ್ಕಾಗಿ ಅಲ್ಲ, ಕಲ್ಲಿಗಾಗಿ. 1855ರಲ್ಲಿ ಬಾಂಬೆ ಸರ್ಕಾರ ತನ್ನ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಗುಡಿ, ಮಸೀದಿ, ಶಾಸನಗಳ ಚಿತ್ರ ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಆತ ಸುತ್ತಿದ. ಅವನು ಮತ್ತೆ ಸೇನೆಯ ಕೆಲಸಕ್ಕೆ ಮರಳಿದಾಗ ಡಾಕ್ಟರ್ ಪಿಗೌ ಎಂಬ ವೈದ್ಯ ಕೆಲಸ ಮುಂದುವರಿಸಿದ. ಇವರಿಬ್ಬರು ಮತ್ತು ನೀಲ್ ಎಂಬ ಇನ್ನೊಬ್ಬ ಅಧಿಕಾರಿ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಹೆಸರು 'ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್'. ಅದಕ್ಕೆ ಇತಿಹಾಸದ ಭಾಗ ಬರೆದವನು ಸುರಪುರದ ಕಥೆಯಿಂದ ನಮಗೆಲ್ಲ ಗೊತ್ತಿರುವ ಮೆಡೋಸ್ ಟೇಲರ್. ಆಮೇಲೆ ಬಂದ ಹೆನ್ರಿ ಕಸಿನ್ಸ್ ಚಾಲುಕ್ಯರ ಗುಡಿಗಳ ಬಗ್ಗೆ ಬರೆದ, 1926ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅಣ್ಣಿಗೇರಿಯ ಅಮೃತೇಶ್ವರನೂ ಸೇರಿಕೊಂಡ.

ಬಿಗ್ಸ್ ಕಾಲದ ತಂತ್ರದಲ್ಲಿ ಒಂದು ತಮಾಷೆ ಇದೆ. ಆಗಿನ ರಾಸಾಯನಿಕಗಳಿಗೆ ನೀಲಿ ಬಣ್ಣ ಕಂಡರೆ ಸಾಕು, ಮಿತಿಮೀರಿ ಕೆಲಸ ಮಾಡುತ್ತಿದ್ದವು. ಗುಡಿಯ ಕಲ್ಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಕಲೆಕಲೆಯಾಗಿ ಕೆಟ್ಟಿರುತ್ತಿತ್ತು. ಅದಕ್ಕೆ ಕಾಗದದ ನೆಗೆಟಿವ್ ಮೇಲೆ ಆಕಾಶದ ಜಾಗಕ್ಕೆ ಕಪ್ಪು ಶಾಯಿ ಬಳಿದುಬಿಡುತ್ತಿದ್ದರು. ಪ್ರಿಂಟ್ ಹಾಕಿದಾಗ ಅಲ್ಲಿ ಅಚ್ಚ ಬಿಳಿ. ಆ ಕಾಲದ ಚಿತ್ರಗಳಲ್ಲಿ ಮೋಡವೇ ಇಲ್ಲದ ಆಕಾಶ ಕಾಣುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಅಂದರೆ ಫೋಟೋ ತಿದ್ದುವುದು ಫೋಟೋಶಾಪಿನ ಜೊತೆ ಹುಟ್ಟಿದ್ದಲ್ಲ, ಫೋಟೋದ ಜೊತೆಗೇ ಹುಟ್ಟಿದ್ದು.

ಆ ಚಿತ್ರಗಳಲ್ಲಿ ಕೆಲವೊಮ್ಮೆ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿರುತ್ತಾನೆ. ಕಂಬ ಎಷ್ಟು ಎತ್ತರ ಅಂತ ತಿಳಿಯಲಿ ಎಂದು ನಿಲ್ಲಿಸುವುದು ಆಗಿನ ಪದ್ಧತಿ. ಹೆಸರಿಲ್ಲ, ಊರಿಲ್ಲ. ನೆಗೆಟಿವ್ ಸರ್ಕಾರದ್ದು, ಪುಸ್ತಕ ಲಂಡನ್ನಿನದು. ತನ್ನ ಮುಖ ಎಲ್ಲಿಗೆ ಹೋಯಿತು ಅಂತ ಅವನಿಗೆ ಕೊನೆಗೂ ತಿಳಿದಿರಲಾರದು.

ನಮ್ಮಂಥ ಮನೆಗಳಿಗೆ ಫೋಟೋ ಬಂದದ್ದು ಬಹಳ ತಡವಾಗಿ, ಹುಬ್ಬಳ್ಳಿಯ ಸ್ಟುಡಿಯೋಗಳ ಮೂಲಕ. ಕುಂದಗೋಳದಿಂದ ರೈಲು ಹತ್ತಿದರೆ ಹುಬ್ಬಳ್ಳಿ ಅರ್ಧ ತಾಸಿನ ದಾರಿ. ಮದುವೆ ಆದ ಹೊಸತರಲ್ಲಿ ಒಂದು ಜೋಡಿ ಫೋಟೋ, ಮಗ ಮೆಟ್ರಿಕ್ ಪಾಸಾದಾಗ ಒಂದು, ಅಷ್ಟೇ. 'ಫೋಟೋ ಹೊಡಸ್ಕೊಂಡು ಬರೂದು' ಅಂದರೆ ಒಂದು ದಿನದ ಕೆಲಸ.

ಆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಇಳಿಜಾರು ಮೇಜೊಂದು ಇರುತ್ತಿತ್ತು. ಅದರ ನಡುವೆ ಗಾಜಿನ ಕಿಂಡಿ, ಕೆಳಗಿನಿಂದ ಬೆಳಕು. ನೆಗೆಟಿವ್ ಇಟ್ಟು, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತಾ ಹೋಗುವುದು ರೀಟಚಿಂಗ್. ಲೆಕ್ಕ ಸರಳ. ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಬೆಳಕು ಕಡಿಮೆ ಹಾಯುತ್ತದೆ, ಪ್ರಿಂಟಿನಲ್ಲಿ ಕಲೆ ಮಾಯ. ಸಿಡುಬಿನ ಗುರುತು, ಕಣ್ಣಿನ ಕೆಳಗಿನ ಸುಕ್ಕು, ಎಲ್ಲ ಹೀಗೇ ಹೋಗುತ್ತಿದ್ದವು. ಬೇಡದ್ದನ್ನು ಕಪ್ಪಾಗಿಸಬೇಕಿದ್ದರೆ ಬ್ಲೇಡಿನಿಂದ ಕೆರೆಯುತ್ತಿದ್ದರು.

ಕೆಲಸ ಮುಗಿದ ಮೇಲೆ ಗಿರಾಕಿಯ ಕೈಗೆ ಬರುತ್ತಿದ್ದದ್ದು ಪ್ರಿಂಟು ಮಾತ್ರ. ಅದರ ಲಕೋಟೆಯ ಮೇಲೊಂದು ನಂಬರು. 'ಮತ್ತ ಕಾಪಿ ಬೇಕಾದ್ರ ಈ ನಂಬರ್ ಹೇಳ್ರಿ.' ನೆಗೆಟಿವ್ ಸ್ಟುಡಿಯೋದ್ದು. ಇದರಲ್ಲಿ ಮೋಸ ಏನೂ ಇರಲಿಲ್ಲ. ಮನೆಯಲ್ಲಿಟ್ಟರೆ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ, ಅವರ ಹತ್ತಿರ ಇದ್ದರೆ ಭದ್ರ ಅನ್ನೋದು ಎರಡೂ ಕಡೆಯವರ ನಂಬಿಕೆ.

ನಮ್ಮ ಪಡಸಾಲೆಯಲ್ಲಿ ಆಯಿಯದೊಂದು ಪಟ ಇದೆ. ಆಕೆ ಬದುಕಿದ್ದಾಗ ಒಂಟಿಯಾಗಿ ಫೋಟೋ ಹೊಡಸಿಕೊಂಡವಳೇ ಅಲ್ಲ. ತೀರಿಕೊಂಡಾಗ ದಿನಕರ್ಮದ ಹೊತ್ತಿಗೆ ಹಾರ ಹಾಕಲು ಒಂದು ಪಟ ಬೇಕಲ್ಲ? ಯಾವುದೋ ಮದುವೆಯ ಗ್ರೂಪ್ ಫೋಟೋ ಒಯ್ದು ಸ್ಟುಡಿಯೋಕ್ಕೆ ಕೊಟ್ಟರು. ಅವರು ಗುಂಪಿನಿಂದ ಆಯಿಯನ್ನು ಮಾತ್ರ ಬೇರೆ ಮಾಡಿ, ದೊಡ್ಡದು ಮಾಡಿ, ಹಿಂದೆ ತಿಳಿನೀಲಿ ಬಣ್ಣ ಬಳಿದು ಕಟ್ಟು ಹಾಕಿಸಿ ಕೊಟ್ಟರು. ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲಿನ ಹಿರಿಯರು ಹೀಗೆ ಯಾರದೋ ಮದುವೆಯಿಂದ ಎದ್ದು ಬಂದವರೇ.

ಪಟವನ್ನು ಹತ್ತಿರದಿಂದ ನೋಡಿದರೆ ಆಯಿಯ ಎಡ ಭುಜದ ಮೇಲೆ ಸೀರೆಯ ಬಣ್ಣ ಸ್ವಲ್ಪ ಬೇರೆ. ಅಲ್ಲಿ ಒಂದು ಕೈ ಇತ್ತು. ಆಯಿಯ ತಂಗಿ, ನಾವು ಸಣ್ಣಾಯಿ ಅನ್ನುತ್ತಿದ್ದವಳು, ಅಕ್ಕನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದಳಂತೆ. ಸ್ಟುಡಿಯೋದವರು ಆ ಕೈ ಅಳಿಸಿ ಸೀರೆ ಬಳಿದಿದ್ದಾರೆ. ಚೆನ್ನಾಗಿಯೇ ಬಳಿದಿದ್ದಾರೆ. ಗ್ರೂಪ್ ಫೋಟೋ ವಾಪಸ್ ತರುವುದು ಇವತ್ತು ನಾಳೆ ಅಂತ ಉಳಿದುಹೋಯಿತು. ಆಮೇಲೆ ಸ್ಟುಡಿಯೋ ಮುಚ್ಚಿತು. ಹಳೆಯ ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ, ಅದನ್ನು ಕೊಳ್ಳುವವರೂ ಇದ್ದರು. ಎಷ್ಟೋ ಸ್ಟುಡಿಯೋಗಳ ನೆಗೆಟಿವ್‌ಗಳು ಕೇಜಿ ಲೆಕ್ಕದಲ್ಲಿ ಹಾಗೆ ಹೋದವು. ಸಣ್ಣಾಯಿಯ ಬೇರೆ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಆಕೆ ಕಡೆಯದಾಗಿ ಇದ್ದದ್ದು ಆ ಬಣ್ಣ ಬೇರೆಯಾದ ಜಾಗದಲ್ಲಿ.

ಮುಂದಿನ ಘಟ್ಟಕ್ಕೆ ಬರೋಣ. 1993ರಲ್ಲಿ ಟಿ.ಎನ್. ಶೇಷನ್ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡುವ ಕೆಲಸ ಶುರು ಮಾಡಿದರು. ಆವರೆಗೆ ಆಸೆಗೆ ಹೊಡಸಿಕೊಳ್ಳುತ್ತಿದ್ದ ಫೋಟೋ ಅಲ್ಲಿಂದ ಮುಂದೆ ಸರ್ಕಾರಕ್ಕೆ ಬೇಕಾದದ್ದಾಯಿತು. ಶಾಲೆಯ ಗೋಡೆಗೆ ಬಟ್ಟೆ ಕಟ್ಟಿ, ಸಾಲಾಗಿ ನಿಲ್ಲಿಸಿ ಹೊಡೆದ ಆ ಫೋಟೋಗಳಲ್ಲಿ ನಮ್ಮಪ್ಪ ನಮ್ಮಪ್ಪನ ಹಾಗೆ ಕಾಣುವುದಿಲ್ಲ. ಅದು ಬೇರೆ ಮಾತು. ಆಮೇಲೆ ರೇಷನ್ ಕಾರ್ಡು, ಪಾಸ್‌ಬುಕ್ಕು, ಹಾಲ್ ಟಿಕೆಟ್ಟು, ಪ್ಯಾನು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಟೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ನಂಬರುಗಳನ್ನು ಕೊಟ್ಟರು. 2023ರ ಜುಲೈನಲ್ಲಿ ಗೃಹಲಕ್ಷ್ಮಿಗೆ ಹೆಸರು ಬರೆಸಲು ಗ್ರಾಮ ಒನ್ ಕೇಂದ್ರಗಳ ಮುಂದೆ ನಮ್ಮವ್ವ, ಕಾಕು ಎಲ್ಲ ಪಾಳಿ ನಿಂತರು.

ಇದೇ ಅವಧಿಯಲ್ಲಿ ಕತ್ತಲಕೋಣೆ ಮಾಯವಾಗಿ ಕಂಪ್ಯೂಟರ್ ಬಂತು. ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಬರೆದ ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರ ಫೆಬ್ರುವರಿಯಲ್ಲಿ. ಅದು ನಮ್ಮ ತಾಲೂಕಿನವರೆಗೆ ಬರುವಷ್ಟರಲ್ಲಿ ಹತ್ತು ಹದಿನೈದು ವರ್ಷ ಹಿಡಿಯಿತು. ಬಂದ ಮೇಲೆ ಮಾತ್ರ ಕೇಳಬೇಡಿ. ಬನಿಯನ್ ಮೇಲೆ ಬಂದ ಹುಡುಗನಿಗೂ ನೀಲಿ ಕೋಟು, ಕೆಂಪು ಟೈ! ನನ್ನ ಪಿಯುಸಿ ಫೋಟೋದಲ್ಲಿರುವ ಕೋಟು ನನ್ನ ಕ್ಲಾಸಿನ ಇನ್ನೂ ಆರು ಜನರ ಮೈಮೇಲಿದೆ.

ಆದರೆ ಇಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು. ಹಳೆಯ ಸ್ಟುಡಿಯೋದಲ್ಲಿ ನೆಗೆಟಿವ್ ಒಂದೇ. ಅದಕ್ಕೊಂದು ನಂಬರು, ಒಂದು ಡಬ್ಬಿ, ಒಬ್ಬ ಮಾಲೀಕ. ಕಾಪಿ ಬೇಕೆಂದರೆ ಕತ್ತಲಕೋಣೆಗೆ ಹೋಗಿ ಕೈ ಒದ್ದೆ ಮಾಡಿಕೊಳ್ಳಬೇಕು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ಅನ್ನುವ ಫೋಲ್ಡರ್ ಇದೆ, ಅದಕ್ಕೆ ಮಾಲೀಕರೇ ಇಲ್ಲ. ಅಂಗಡಿಯವರು ಒಳ್ಳೆಯವರೇ ಇರಬಹುದು, ಬಹುಪಾಲು ಒಳ್ಳೆಯವರೇ. ಆದರೆ ಸಂಜೆ ಹೊತ್ತು ಕೂರುವ ಹುಡುಗ, ಅವನ ಗೆಳೆಯ, ಪೆನ್‌ಡ್ರೈವ್ ತಂದ ಇನ್ನೊಬ್ಬ, ಎಲ್ಲರಿಗೂ ಅದು ತೆರೆದೇ ಇರುತ್ತದೆ. ನನ್ನ ತಂಗಿ ಅರ್ಜಿಗೆ ಕೊಡಬೇಕಾದ ನಾಲ್ಕನ್ನು ಇನ್ನೊಮ್ಮೆ ಎಣಿಸಿ ನೋಡಿ. ಮುಖ, ಸಹಿ, ಹೆಬ್ಬೆಟ್ಟು, ಕೈಬರಹ. ಒಬ್ಬ ಮನುಷ್ಯ ತಾನೇ ಅಂತ ಸಾಬೀತು ಮಾಡಲು ಇರುವುದೆಲ್ಲ ಅಷ್ಟೇ, ಅಷ್ಟೂ ಒಂದೇ ಫೋಲ್ಡರಿನಲ್ಲಿ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಇಂಟರ್‌ನೆಟ್ ಕೆಫೆಗಳ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಪೂರ್ತಿ ಅಳಿಸಿ ಅಂತ. ಫೋಟೋಶಾಪ್ ಮಾಡಿದ ಆಧಾರ್ ಕಾರ್ಡಿನ ದುರ್ಬಳಕೆಯ ಯತ್ನ ಅದರ ಹಿನ್ನೆಲೆ. ಎರಡೇ ದಿನದಲ್ಲಿ, ಮೇ 29ಕ್ಕೆ, ಜನ ತಪ್ಪು ತಿಳಿಯುವ ಸಾಧ್ಯತೆ ಇದೆಯೆಂದು ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ನನಗೆ ಆ ಎರಡು ದಿನದ ಪ್ರಕಟಣೆ ಇವತ್ತಿಗೂ ಒಳ್ಳೆಯ ಸಲಹೆಯೇ ಅನ್ನಿಸುತ್ತದೆ. ಆದರೆ ಕಂಪ್ಯೂಟರ್ ಇಲ್ಲದ ಹಳ್ಳಿಯವರು ಇನ್ನೆಲ್ಲಿಗೆ ಹೋಗಬೇಕು ಅನ್ನೋದಕ್ಕೆ ಅದರಲ್ಲೂ ಉತ್ತರ ಇರಲಿಲ್ಲ.

ಅಂಗಡಿಯಿಂದ ತಪ್ಪಿಸಿಕೊಳ್ಳಲು ನನ್ನ ತಂಗಿ ಮಾಡಿದ್ದೇನು ಗೊತ್ತಾ? ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ಒಂದು ವೆಬ್‌ಸೈಟಿಗೆ ಫೋಟೋ ಅಪ್‌ಲೋಡ್ ಮಾಡಿ, ಅಲ್ಲಿಂದ ಚಿಕ್ಕದು ಮಾಡಿಕೊಂಡಿದ್ದಳು. ಅಂದರೆ ಬಸ್ ಸ್ಟ್ಯಾಂಡಿನ ಅಂಗಡಿ ಬಿಟ್ಟು ಯಾವ ದೇಶದಲ್ಲಿದೆಯೋ ಗೊತ್ತಿಲ್ಲದ ಅಂಗಡಿಗೆ ಹೋಗಿದ್ದಳು. ಅಲ್ಲಿ ಕೂತವರ ಮುಖ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಬೆಂಗಳೂರಿನ ಆಫೀಸಿನಲ್ಲಿ ಕೂತು ಬಾಡಿಗೆ ಕರಾರನ್ನೋ ಪಾಸ್‌ಪೋರ್ಟನ್ನೋ ಹೀಗೇ ಸಿಕ್ಕ ಸೈಟಿಗೆ ಏರಿಸುವ ನಾವೂ ಬೇರೆ ಏನಲ್ಲ.

ನಾನು ಹೇಳಬೇಕಾದದ್ದು ಇಲ್ಲಿದೆ. ಈ ಇಡೀ ಇತಿಹಾಸದಲ್ಲಿ ಮೊದಲ ಬಾರಿಗೆ, ಫೋಟೋ ಕತ್ತರಿಸಲು ಅದನ್ನು ಇನ್ನೊಬ್ಬರ ಕೈಗೆ ಕೊಡಲೇಬೇಕಾಗಿಲ್ಲ. ಅಷ್ಟೇ ಅಲ್ಲ, ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಬ್ರೌಸರ್ ಸಾಕು. ಇದು ಸಾಧ್ಯವಾದದ್ದು ನಿಧಾನವಾಗಿ. 2004ರಲ್ಲಿ ಆ್ಯಪಲ್ ಕಂಪನಿ ತನ್ನ ಬೇರೊಂದು ಕೆಲಸಕ್ಕೆಂದು 'ಕ್ಯಾನ್ವಾಸ್' ಅನ್ನುವ ಸೌಲಭ್ಯ ಮಾಡಿಕೊಂಡಿತು. ವೆಬ್ ಪುಟದೊಳಗೇ ಒಂದು ಖಾಲಿ ಹಾಳೆ, ಅದರ ಮೇಲೆ ಚಿತ್ರ ಬಿಡಿಸಬಹುದು, ಒಂದೊಂದು ಚುಕ್ಕೆಯನ್ನೂ ಬದಲಿಸಬಹುದು. ಮರುವರ್ಷ ಫೈರ್‌ಫಾಕ್ಸ್ ಅದನ್ನು ಸೇರಿಸಿಕೊಂಡಿತು. 2010ರ ಹೊತ್ತಿಗೆ, ಸರ್ವರಿಗೆ ಕಳಿಸದೆಯೇ ನಮ್ಮ ಫೈಲನ್ನು ಪುಟ ಓದಿಕೊಳ್ಳುವ ವ್ಯವಸ್ಥೆ ಬಂತು. 2017ರಲ್ಲಿ ವೆಬ್‌ಅಸೆಂಬ್ಲಿ ಅನ್ನುವುದು ಮುಖ್ಯ ಬ್ರೌಸರುಗಳಲ್ಲೆಲ್ಲ ಬಂದಮೇಲೆ ಭಾರವಾದ ಕೆಲಸವೂ ಅಲ್ಲೇ ಆಗತೊಡಗಿತು. 2013ರಿಂದ ಇರುವ ಫೋಟೋಪೀ, 2018ರಲ್ಲಿ ಗೂಗಲ್‌ನ ಕ್ರೋಮ್ ತಂಡ ಬಿಟ್ಟ ಸ್ಕ್ವೂಶ್, ಎರಡೂ ಕೆಲಸ ಮಾಡುವುದು ಹೀಗೆಯೇ. ಪುಟ ಮಾತ್ರ ಆ ಕಡೆಯಿಂದ ಬರುತ್ತದೆ, ಫೋಟೋ ಈ ಕಡೆಯಿಂದ ಹೋಗುವುದಿಲ್ಲ. ಸ್ಟುಡಿಯೋದ ಇಳಿಜಾರು ಮೇಜನ್ನೇ ಯಾರೋ ನಮ್ಮ ಮನೆಗೆ ತಂದಿಟ್ಟು ಹೋದ ಹಾಗೆ.

ಒಂದು ಸೈಟು ನಿಜವಾಗಿ ಹೀಗೆ ನಡೆಯುತ್ತದೋ ಇಲ್ಲವೋ ಅಂತ ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟ ತೆರೆಯಿರಿ. ಪೂರ್ತಿ ತೆರೆದ ಮೇಲೆ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ವೈಫೈ ಕೂಡ ಬಂದ್. ಈಗ ಫೋಟೋ ಆರಿಸಿ, ಕತ್ತರಿಸಿ, ಉಳಿಸಿಕೊಳ್ಳಿ. ಕೆಲಸ ಆಯಿತು ಅಂದರೆ ಅದು ನಿಮ್ಮ ಮೊಬೈಲಿನಲ್ಲೇ ಆಯಿತು. ತಿರುಗುತ್ತಾ ನಿಂತರೆ ಅದು ನಿಮ್ಮ ಫೋಟೋವನ್ನು ಎಲ್ಲಿಗೋ ಕಳಿಸಲು ಕಾಯುತ್ತಿದೆ ಅಂತ ಅರ್ಥ. ನೆಟ್ ಮತ್ತೆ ಹಚ್ಚುವ ಮೊದಲು ಆ ಕಿಟಕಿ ಮುಚ್ಚಿಬಿಡಿ. ಹೀಗೆ ಕ್ಯಾನ್ವಾಸ್ ಮೇಲೆ ಹೊಸದಾಗಿ ಬರೆದ ಜೆಪೆಗ್ ಫೈಲಿನಲ್ಲಿ ಇನ್ನೊಂದು ಲಾಭ ಇದೆ. ಮೊಬೈಲ್ ಕ್ಯಾಮೆರಾ ಫೋಟೋದೊಳಗೆ ಬಚ್ಚಿಡುವ ದಿನಾಂಕ, ಲೊಕೇಶನ್ ಮುಂತಾದ ವಿವರ ಅದಕ್ಕೆ ದಾಟಿ ಬರುವುದಿಲ್ಲ.

ಹಾಗಂತ ಸ್ವಂತ ಮೊಬೈಲಿನಲ್ಲೇ ಕತ್ತರಿಸಿದರೆ ಎಲ್ಲ ಭದ್ರ ಅಂತ ತಿಳಿಯಬೇಡಿ. 2023ರ ಮಾರ್ಚಿನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಒಂದು ದೋಷ ಬಯಲಿಗೆ ಬಂತು. ಅದರ ಸ್ಕ್ರೀನ್‌ಶಾಟ್ ಕತ್ತರಿಸುವ ಸಲಕರಣೆ ಚಿಕ್ಕ ಚಿತ್ರವನ್ನು ಹಳೆಯ ದೊಡ್ಡ ಫೈಲಿನ ಮೇಲೇ ಬರೆದು, ಉಳಿದ ಬಾಲವನ್ನು ಕತ್ತರಿಸದೆ ಬಿಡುತ್ತಿತ್ತು. ಆ ಬಾಲದಿಂದ, ತೆಗೆದುಹಾಕಿದೆವು ಅಂದುಕೊಂಡ ಭಾಗವನ್ನು ಎಷ್ಟೋ ಮಟ್ಟಿಗೆ ಮತ್ತೆ ಮೂಡಿಸಬಹುದಿತ್ತು. ಅದನ್ನು ಕಂಡುಹಿಡಿದವರು ಇಟ್ಟ ಹೆಸರು 'ಎಕ್ರೋಪಲಿಪ್ಸ್'. ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲೂ ಇಂಥದೇ ದೋಷ ಸಿಕ್ಕಿತು. ಎರಡನ್ನೂ ಸರಿಪಡಿಸಿದರು. ಆದರೆ ಅಷ್ಟರೊಳಗೆ ಜನ ಹಂಚಿಕೊಂಡಿದ್ದ ಹಳೆಯ ಚಿತ್ರಗಳನ್ನು ಯಾರು ಸರಿಪಡಿಸಬೇಕು?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಅಂದರೆ ಯಾರಿಗೂ ಮುಖ ತೋರಿಸದೆ ಇರುವುದಲ್ಲ. ನನ್ನ ತಂಗಿಯ ಫೋಟೋ ಪರೀಕ್ಷೆ ನಡೆಸುವವರಿಗೆ ಹೋಗಲೇಬೇಕು, ಹೋಗಲಿ. ನಡುದಾರಿಯಲ್ಲಿ ಇನ್ನೊಬ್ಬರ ಹತ್ತಿರ ಉಳಿಯಬಾರದು. ಆ ರಾತ್ರಿ ಕಟ್ಟೆಯ ಮೇಲೆ ಅವಳು ಕೇಳುತ್ತಿದ್ದದ್ದು ಇಷ್ಟೇ.

ಮರುದಿನ ಬೆಳಿಗ್ಗೆ ಕಲಿಸಿಕೊಟ್ಟೆ. ಕಲಿಸುವುದೇನು ಬಂತು, ಒಂದು ಸಲ ತೋರಿಸಿದ್ದಕ್ಕೆ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡಳು. ಫ್ಲೈಟ್ ಮೋಡ್ ಹಾಕಿ, ಗುಣಮಟ್ಟದ ಗುಂಡಿಯನ್ನು ಎಡಕ್ಕೆ ಎಳೆಯುತ್ತಾ ಹೋದಳು. ತೊಂಬತ್ತು, ಅರವತ್ತೈದು, ನಲವತ್ತಮೂರು ಕೆಬಿ. ಮುಖ ಅಲ್ಲಲ್ಲಿ ಸ್ವಲ್ಪ ಮಸುಕಾಯಿತು, ಆದರೆ ಅವಳೇ ಅಂತ ಗೊತ್ತಾಗುತ್ತಿತ್ತು. ಸಹಿ, ಹೆಬ್ಬೆಟ್ಟು, ಕೈಬರಹ ಮೂರನ್ನೂ ಅವಳೇ ಮಾಡಿಕೊಂಡಳು.

"ಆತು. ಈಗ ದೊಡ್ಡ ಫೋಟೋ ಡಿಲೀಟ್ ಮಾಡ್ಲೇನು? ಜಾಗ ಭಾಳ ತಿಂತೈತಿ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವ ಅಂದಳು: "ಇರ್ಲಿ ಬಿಡವಾ. ಅದರಾಗ ನಿಮ್ಮವ್ವನೂ ಅದಾಳ."

ನಿಜ. ಗೋಡೆಗೆ ಬಿಳಿ ದುಪಟ್ಟಾ ಹಿಡಿದು ನಿಂತ ಕಾಕುವಿನ ಕೈ, ಅರ್ಧ ಮುಖ, ಮೂಲ ಫೋಟೋದ ಬಲ ಅಂಚಿನಲ್ಲಿತ್ತು. ಡಿಲೀಟ್ ಮಾಡಲಿಲ್ಲ.